ಚೆಲ್ಲದ ಹಾಲು

ಮರುಭೂಮಿಯ ನಗರ ನುವಾಕ್ಷೋತ್‌ನ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ತಾಯಿ, ಕಡ್ಡಿಯಂಥ ಮಗಳು ಜೈನೆಬೂ. ಮಗಳು ಆಗಷ್ಟೇ ಡಾಕ್ಟರ ಕೋಣೆಯಿಂದ ಬಂದಿದ್ದಳು. ನಾನು ಕಿವಿಗೊಡಬಾರದಿತ್ತು.

“ಡಾಕ್ಟ್ರು ಏನಂದ್ರೇ?” ತಾಯಿ ಕೇಳಿದಳು.

“ಕರುಳಲ್ಲಿರೋ ಬ್ಯಾಕ್ಟೀರಿಯಾ ಕೈ ಜೋಡಿಸಿದ್ರೇನೇ ಕೊಬ್ಬು ಮೈಗೆ ಚೆನ್ನಾಗಿ ಹತ್ತೋದಂತೆ. ನನ್ನಲ್ಲಿ ಅಂಥವು ಕಮ್ಮಿಯಂತೆ.”

“ಚಿಕ್ಕಂದಿನಿಂದ್ಲೂ?”

“ಇರಬಹುದು ಅಂದ್ರು.”

“ದಪ್ಪಗಿದ್ರೇನೇ ನಮ್ಮಲ್ಲಿ ಒಳ್ಳೆ ಗಂಡು ಸಿಗೋದು ಅಂತ, ಮದುವೆಗೆ ಮುಂಚೆ ನಿನ್ನ ದಪ್ಪ ಮಾಡೋಕೆ ಬೋಗುಣಿಗಟ್ಲೆ ಒಂಟೆಹಾಲು ಕುಡಿಸಿದ್ನಲ್ಲೇ...”

“ಒಂದು ತೊಟ್ಟೂ ಚೆಲ್ಲಲಿಲ್ಲಮ್ಮ.”

“ಕದ್ದು ಮರಳಿಗೆ ಸುರೀತಿದ್ದೀಯ ಅಂದ್ಕೊಂಡೆ. ಹೇಳ್ಬಾರ್ದಿತ್ತಾ?”

“ಹೇಳ್ದೆ. ನೀನು ನನ್ನ ಕಾಲ್ಬೆರಳನ್ನ ಎರಡು ಕೋಲಿನ ಮಧ್ಯೆ ಇಟ್ಟು ಇನ್ನೂ ಜೋರಾಗಿ ಅದುಮಿದೆ.”

ತಾಯಿ ಸೆರಗನ್ನು ಮುಖದ ಮೇಲೆಳೆದುಕೊಂಡಳು.

“ನೆಂಟರಿಗೆಲ್ಲ ನಿನ್ನ ಕಳ್ಳಿ ಅಂತ ಸಾರಿದೆನಲ್ಲೇ.”

“ಏಳಮ್ಮ, ಹೋಗೋಣ.”

“ಬೆರಳು ಈಗ್ಲೂ ನೋಯುತ್ತೇನೇ?”

“ಚಪ್ಪಲಿ ಹಾಕ್ದಾಗ ಮಾತ್ರ,” ಎಂದು ಮಗಳು ಬಾಗಿಲ ಕಡೆ ನಡೆದಳು.