ನೆಲಮಾಳಿಗೆಯಲ್ಲಿ ಒಡೆದ ಬಾಟಲಿಗಳ ಬಗ್ಗೆ

ನನ್ನ ಹೆಸರು ಮಾರ್ಲಿಸ್ ಕೊರ್ಪೆಲಾ. ವಯಸ್ಸು ಅರವತ್ತೊಂದು. ಉದ್ಯೋಗ, ಶಾಲಾ ಬಸ್ ಚಾಲನೆ. ವಾಸ, ಬರ್ಚ್ ಬೀದಿಯ ಹಸಿರು ಬಾಗಿಲಿನ ಮನೆ, ಹ್ಯಾಂಕಾಕ್ ಪಟ್ಟಣ, ಮಿಶಿಗನ್ ರಾಜ್ಯ. ಈ ದಿನ ಮೇ ಹದಿನೇಳು, ಶನಿವಾರ ಸಂಜೆ, ನನ್ನದೇ ಅಡುಗೆಮನೆಯ ಮೇಜಿನ ಬಳಿ ಕೂತು, ಆಫೀಸರ್ ಟ್ರೆಂಬತ್ ಅವರು ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಮನೆಯಲ್ಲಿ ಗುಂಡು ಹಾರಿಲ್ಲ. ಪಕ್ಕದ ಮನೆಯ ಡೆಲ್ಮರ್ ಪೆಲ್ಟೊ ಕೇಳಿಸಿಕೊಂಡದ್ದು ಬಿಯರ್ ಬಾಟಲಿಗಳು ಒಡೆದ ಸದ್ದು. ಜಿಂಕೆ ಬೇಟೆಯ ಕಾಲವಲ್ಲದ ಕಾಲದಲ್ಲಿ ಪಕ್ಕದ ಮನೆಯಿಂದ ಢಂ ಢಂ ಎಂದು ಕೇಳಿಬಂದರೆ ಯಾರಾದರೂ ಪೊಲೀಸರಿಗೆ ಫೋನ್ ಮಾಡುತ್ತಾರೆ, ಅವನ ಮೇಲೆ ನನಗೆ ಸಿಟ್ಟಿಲ್ಲ. ಯಾರಿಗೂ ಗಾಯವಾಗಿಲ್ಲ, ದೂರು ಕೊಡುವಂಥದ್ದೂ ಏನಿಲ್ಲ, ನಾಲ್ಕು ಸಾಲಿನಲ್ಲಿ ಮುಗಿಸಿಬಿಡಬಹುದು ಎಂದು ಆಫೀಸರ್ ಹೇಳಿದರು. ಅವರು ಚಿಕ್ಕಂದಿನಲ್ಲಿ ನನ್ನ ಬಸ್ಸಿನಲ್ಲೇ ಶಾಲೆಗೆ ಹೋದವರು. ಆಗಲೂ ಹೋಮ್‌ವರ್ಕನ್ನು ನಾಲ್ಕು ಸಾಲಿನಲ್ಲೇ ಮುಗಿಸುತ್ತಿದ್ದರು. ಹಾಗೆ ಮುಗಿಸಬೇಡಿ, ಪೂರ್ತಿ ಬರೆದುಕೊಳ್ಳಿ ಎಂದು ನಾನು ಕೇಳಿಕೊಂಡಿದ್ದೇನೆ. ಆ ಬಿಯರಿಗೆ ಸಕ್ಕರೆ ಹಾಕಿದವರು ಯಾರು ಎಂಬುದು ಕಾಗದದ ಮೇಲೆ ಇರಬೇಕು.

ನನ್ನ ಗಂಡ ಆರ್ನಿ ಕೊರ್ಪೆಲಾ, ವಯಸ್ಸು ಅರವತ್ತನಾಲ್ಕು. ಈ ಜಿಲ್ಲೆಯ ರಸ್ತೆಗಳ ಹಿಮ ತಳ್ಳುವ ಲಾರಿಯನ್ನು ಮೂವತ್ತು ವರ್ಷ ಓಡಿಸಿದವನು. ಎರಡು ವರ್ಷದಿಂದ ಅವನಿಗೆ ಮರೆವಿನ ಕಾಯಿಲೆ. ಪ್ರತಿ ವಸಂತದಲ್ಲಿ ನಾವಿಬ್ಬರೂ ಮನೆಯಲ್ಲೇ ತೆಳುವಾದ, ಹೊಂಬಣ್ಣದ ಬ್ಲಾಂಡ್ ಬಿಯರ್ ಮಾಡುತ್ತೇವೆ. ಬಾರ್ಲಿ ಪುಡಿಮಾಡಿ, ನೆನೆಸಿ, ಸೋಸುವ ದೊಡ್ಡಸ್ತಿಕೆ ನಮ್ಮದಲ್ಲ. ಡಬ್ಬಿಯಲ್ಲಿ ಮಾಲ್ಟಿನ, ಅಂದರೆ ಮೊಳಕೆ ಬಾರ್ಲಿಯ, ಪಾಕ ಸಿಗುತ್ತದೆ, ಜೇನುತುಪ್ಪದಷ್ಟು ಗಟ್ಟಿ. ಅದನ್ನು ಬಿಸಿನೀರಿನಲ್ಲಿ ಕರಗಿಸಿ, ಕಹಿಗೆ ಹಾಪ್ಸ್ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಬಕೆಟ್ಟಿನಲ್ಲಿ ಹುದುಗಲು ಬಿಟ್ಟರಾಯಿತು. ಪಾಕ ಸುರಿಯುವ ಮೊದಲು ಒಲೆ ಆರಿಸಲೇಬೇಕು ಎಂಬುದು ಆರ್ನಿಯ ಕಟ್ಟುನಿಟ್ಟು. ಇಲ್ಲದಿದ್ದರೆ ತಳ ಹಿಡಿದು ಬಿಯರ್ ಕಪ್ಪಾಗುತ್ತದೆ. ಹೊಂಬಣ್ಣ ಹೋಯಿತೆಂದರೆ ಅವನ ಮುಖ ನೋಡಲಾಗುವುದಿಲ್ಲ.

ಕಳೆದ ಫೆಬ್ರವರಿಯಲ್ಲಿ ಅದೇ ಆರ್ನಿ ಒಲೆಯ ಮೇಲೆ ಬಾಣಲೆ ಇಟ್ಟು ಹೊರಗೆ ಹಿಮ ಎತ್ತಲು ಹೋದ. ಅಡುಗೆಮನೆಯ ಪರದೆ ಸುಟ್ಟುಹೋಯಿತು. ಆ ಸಂಜೆ ಅವನೇ ಬಾಯಿಬಿಟ್ಟು ಹೇಳಿದ: "ಮನೆ ಜೊತೆ ನಿನ್ನನ್ನೂ ಸುಡೋ ಮುಂಚೆ ನನ್ನ ಎಲ್ಲಾದ್ರೂ ಸೇರಿಸಿಬಿಡೇ." ಗುಡ್ಡದ ಮೇಲಿರುವ ಆರೈಕೆ ಮನೆಗೆ ನಾನು ಫೋನ್ ಮಾಡಿದೆ. ಒಂದು ಕೋಣೆ ಖಾಲಿಯಿದೆ ಎಂದರು. ಫೋನ್ ಇಟ್ಟ ಮೇಲೆ ನನಗೆ ಅವನನ್ನು ಕಳಿಸಲು ಮನಸ್ಸಾಗಲಿಲ್ಲ. ಈ ವರ್ಷದ ಬ್ಲಾಂಡ್ ಮಾಡೋಣ, ಅದು ಕುಡಿದು ಮುಗಿದ ದಿನ ನೀನು ಹೋಗು, ಅಲ್ಲಿಯವರೆಗೆ ಇಲ್ಲೇ ಇರು ಎಂದು ಒಪ್ಪಂದ ಮಾಡಿದೆ. ಪ್ರತಿ ಶನಿವಾರ ನೆಲಮಾಳಿಗೆಯ ಸೌನಾದಲ್ಲಿ, ಅಂದರೆ ಬಿಸಿ ಹಬೆಯ ಕೋಣೆಯಲ್ಲಿ, ಮೈ ಬೆಚ್ಚಗೆ ಮಾಡಿಕೊಂಡು ಬಂದ ಮೇಲೆ ಒಂದೇ ಬಾಟಲಿ, ಎರಡು ಲೋಟ. ಅದಕ್ಕಿಂತ ಹೆಚ್ಚಿಲ್ಲ.

ಆರ್ನಿ ಬೆರಳು ಮಡಚಿ ಲೆಕ್ಕ ಹಾಕಿದ. "ಅಲ್ವೇ, ನಲವತ್ತೆಂಟು ಬಾಟ್ಲಿ ಆಗತ್ತೆ. ವಾರಕ್ಕೊಂದು ಅಂದ್ರೆ ವರ್ಷಾನೇ ಕಳೀತಲ್ಲೇ, ಕಳ್ಳಿ!"

"ಹೌದು ಕಣೋ. ನಿಧಾನಕ್ಕೆ ಕುಡಿ."

ಅವನು ನಕ್ಕು ಕೈ ಚಾಚಿದ. ಇಬ್ಬರೂ ಕೈ ಕುಲುಕಿದೆವು. ನಾನು ಬಸ್ಸಿಗೆ ಹೋದಾಗ ಅವನನ್ನು ನೋಡಿಕೊಳ್ಳಲು ಡೆಲ್ಮರ್ ಒಪ್ಪಿದ. ಒಲೆಯ ಗುಂಡಿಗಳನ್ನು ನಾನು ಕಿತ್ತು ಕೈಚೀಲದಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೆ.

ಬಾಟಲಿ ತುಂಬಿದ್ದು ಎರಡು ವಾರದ ಹಿಂದೆ, ಮೇ ಮೂರರ ಬೆಳಿಗ್ಗೆ, ನೆಲಮಾಳಿಗೆಯಲ್ಲಿ. ಬಾಟಲಿ ತುಂಬುವ ಮೊದಲು ಒಂದು ಸಣ್ಣ ಪೊಟ್ಟಣ ಸಕ್ಕರೆಯನ್ನು ನೀರಲ್ಲಿ ಕುದಿಸಿ ಬಿಯರಿಗೆ ಬೆರೆಸಬೇಕು. ಮುಚ್ಚಿದ ಬಾಟಲಿಯೊಳಗೆ ಯೀಸ್ಟ್ ಆ ಸಕ್ಕರೆ ತಿಂದು ಗ್ಯಾಸ್ ಮಾಡುತ್ತದೆ, ನೊರೆ ಬರುವುದು ಅದರಿಂದಲೇ. ಹಾಕದಿದ್ದರೆ ಬಿಯರ್ ಸಪ್ಪೆ. ಎರಡು ಸಲ ಹಾಕಿದರೆ ಬಾಟಲಿ ಸಿಡಿಯುತ್ತದೆ. ಸಕ್ಕರೆ ಹಾಕುವುದು ಯಾವತ್ತೂ ಆರ್ನಿಯ ಕೆಲಸ. ಈ ಸಲವೂ ಅವನಿಗೇ ಬಿಟ್ಟಿದ್ದೆ. ಉಳಿದ ಕೆಲಸಗಳನ್ನೆಲ್ಲ ಒಂದೊಂದಾಗಿ ಅವನ ಕೈಯಿಂದ ಕಿತ್ತುಕೊಂಡಾಗಿತ್ತು, ಇದೊಂದಾದರೂ ಇರಲಿ ಎಂದು. ಕೆಳಗಿನ ಸಣ್ಣ ಒಲೆಯನ್ನು ನಾನೇ ಹಚ್ಚಿಕೊಟ್ಟೆ.

ಆಗ ಡೆಲ್ಮರ್ ಏಣಿ ಕೇಳಲು ಹಿತ್ತಲ ಬಾಗಿಲಿಗೆ ಬಂದ. ಅವನಿಗೆ ಮಾತು ಶುರುವಾದರೆ ಮುಗಿಯುವುದಿಲ್ಲ. ಕಾಲು ಗಂಟೆ ಹಿಡಿಯಿತು. ನಾನು ಮತ್ತೆ ಕೆಳಗಿಳಿದಾಗ ಒಲೆ ಆರಿತ್ತು. ಸಕ್ಕರೆ ಕುದಿಸುವ ಪಾತ್ರೆ ಒಣಗಿಕೊಂಡು ಮೊಳೆಗೆ ನೇತಾಡುತ್ತಿತ್ತು. ಆರ್ನಿ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದ.

"ಸಕ್ಕರೆ ಹಾಕಿದ್ಯೇನೋ?" ಎಂದು ಕೇಳಿದೆ.

"ಹಾಕಿದೀನಿ ಕಣೇ."

"ಪಾತ್ರೆ ಒಣಗೇ ಇದೆಯಲ್ಲೋ."

"ತೊಳೆದು ಒರೆಸಿಟ್ಟೆ. ಇಷ್ಟು ವರ್ಷದಿಂದ ಯಾರು ತೊಳೀತಿದ್ದಿದ್ದು, ನಿಮ್ಮಪ್ಪನಾ?"

ಹಿಂದಿನ ವಾರವಷ್ಟೇ ಅವನು ನಾಯಿಗೆ ಊಟ ಹಾಕಿದ್ದೇನೆ ಎಂದಿದ್ದ. ನಮ್ಮ ನಾಯಿ ಸತ್ತು ನಾಲ್ಕು ವರ್ಷವಾಯಿತು. ಬಿಯರ್ ಸಾಮಾನಿನ ಪೆಟ್ಟಿಗೆ ತೆಗೆದು ನೋಡಿದೆ, ಅದರಲ್ಲಿ ಒಂದು ಪೊಟ್ಟಣ ಸಕ್ಕರೆ ಒಡೆಯದೆ ಹಾಗೇ ಇತ್ತು. ಅಂಗಡಿಯಿಂದ ತಂದದ್ದು ಒಂದೇ ಎಂದುಕೊಂಡೆ. ಒಲೆಯನ್ನು ಒಂದು ಸಲ ಮುಟ್ಟಿ ನೋಡಿದ್ದರೆ ಸಾಕಿತ್ತು. ಮುಟ್ಟಲಿಲ್ಲ. "ಸರಿ ಬಿಡು ರಾಜಾ, ಹಾಕಿದೀಯ" ಎಂದು, ಬಸ್ಸಿನಲ್ಲಿ ಹಟ ಮಾಡುವ ಮಕ್ಕಳಿಗೆ ಹೇಳುವ ಧ್ವನಿಯಲ್ಲಿ ಹೇಳಿ, ಮುಚ್ಚಳಗಳನ್ನು ತರಲು ಅವನನ್ನು ಮೇಲೆ ಕಳಿಸಿದೆ. ಅವನು ಹುಡುಕಿ ತರುವಷ್ಟರಲ್ಲಿ ಆ ಪೊಟ್ಟಣ ಒಡೆದು, ಕುದಿಸಿ, ಸುರಿದು, ಕಲಕಿದೆ.

ಆರ್ನಿ ಬಂದು ವಾಡಿಕೆಯಂತೆ ಒಂದು ಚಮಚ ರುಚಿ ನೋಡಿದ. "ಸಿಹಿ ಜಾಸ್ತಿ ಆಗಿದೆಯಲ್ಲೇ" ಎಂದ.

"ಈಗ ನಿನ್ನ ನಾಲಿಗೆಗೂ ಮರೆವು ಬಂತಾ? ಸುಮ್ನೆ ಮುಚ್ಚಳ ಒತ್ತು" ಎಂದೆ.

ಅವನು ಚಮಚವನ್ನೇ ನೋಡುತ್ತ ನಿಂತಿದ್ದು, "ಇರಬಹುದು" ಎಂದ. ಆಮೇಲೆ ಮುಚ್ಚಳ ಒತ್ತುತ್ತಾ ಹೋದ, ಒಂದೂ ಸೊಟ್ಟಗಾಗಲಿಲ್ಲ. ಆ "ಇರಬಹುದು" ಎಂಬುದನ್ನು ಅವನ ಬಾಯಿಂದ ಹೇಳಿಸಿದವಳು ನಾನು. ಇದು ಹೇಳಿಕೆಯಲ್ಲಿ ಬರೆಯುವ ಮಾತಲ್ಲ ಎಂದು ಆಫೀಸರ್ ಹೇಳಿದರು. ಬರೆಯಿರಿ ಎಂದೆ.

ಬಾಟಲಿಗಳನ್ನು ಬೆಚ್ಚಗಿರಲಿ ಎಂದು ಸೌನಾದ ಪಕ್ಕದ ಕೋಣೆಯಲ್ಲಿ ಇಟ್ಟಿದ್ದೆವು. ಇಂದು ಮೊದಲ ಬಾಟಲಿ ತೆಗೆಯುವ ದಿನ. ನಾಲ್ಕು ಗಂಟೆಗೆ ನಾನು ಸೌನಾದ ಒಲೆಗೆ ಸೌದೆ ಹಾಕಿ ಬೆಂಕಿ ಮಾಡಿ ಮೇಲೆ ಬಂದೆ. ಆರ್ನಿ ಎರಡು ಲೋಟಗಳನ್ನು ಮೇಜಿನ ಮೇಲಿಟ್ಟು ಟವೆಲ್ ಹುಡುಕುತ್ತಿದ್ದ. ಪಕ್ಕದ ಕೋಣೆಗೂ ಕಾವು ಏರಿ, ನಾಲ್ಕೂವರೆಗೆ ಕೆಳಗೆ ಮೊದಲ ಸದ್ದು ಕೇಳಿತು, ಹಿಂದೆಯೇ ಗಾಜು ಚೆಲ್ಲಿದ ಸದ್ದು. ಅವನು ಕೆಳಗೆ ಓಡಲು ಹೊರಟ. ನಾನು ಅವನ ಬೆಲ್ಟ್ ಹಿಡಿದು ಮೆಟ್ಟಿಲ ತುದಿಯಲ್ಲೇ ಕೂರಿಸಿದೆ. ಗಾಜು ಹಾರುವ ಕಡೆ ಹೋಗಬಾರದೆಂದು ಅವನೇ ನನಗೆ ಕಲಿಸಿದ್ದು. ಇಬ್ಬರೂ ಅಲ್ಲೇ ಕೂತೆವು. ಎರಡನೆಯದು ಒಡೆದಾಗ ಅವನು "ಒಂದು ಶನಿವಾರ ಹೋಯ್ತು" ಎಂದ. ಮುಂದಿನದಕ್ಕೆ "ಇನ್ನೊಂದು ಶನಿವಾರ" ಎಂದ. ಪ್ರತಿಯೊಂದಕ್ಕೂ ಹಾಗೇ ಹೇಳಿದ. ಕೊನೆಕೊನೆಗೆ ಮೂರ್ನಾಲ್ಕು ಒಟ್ಟಿಗೇ ಸಿಡಿದವು. ಅವನು ಲೆಕ್ಕ ಬಿಟ್ಟು ನನ್ನ ಕೈ ಹಿಡಿದುಕೊಂಡ.

ಆಫೀಸರ್ ಟ್ರೆಂಬತ್ ಬಂದಾಗ ಬಾಗಿಲು ತೆಗೆದವನು ಆರ್ನಿ. ನಾನು ಬಾಯಿ ತೆರೆಯುವ ಮೊದಲೇ ಅವನು ಅವರಿಗೆ, "ನನ್ನ ಹೆಸರೇ ಬರ್ಕೊಳ್ಳಿ ಸಾರ್. ಸಕ್ಕರೆ ಎರಡು ಸಲ ಹಾಕಿರ್ಬೇಕು ನಾನು. ನಂಗೆ ಏನೂ ನೆನಪಿರಲ್ಲ" ಎಂದ. ಅಂಗಳದಲ್ಲಿ ನಿಂತಿದ್ದ ಡೆಲ್ಮರ್ ಟೋಪಿ ತೆಗೆದು, "ಪಾಪ ಆರ್ನಿ, ಹಿಂಗಾಗ್ಬಾರ್ದಿತ್ತು" ಎಂದ. ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ. ಅಂದು ನಾನು ಮೇಲೆ ಡೆಲ್ಮರ್ ಜೊತೆ ಮಾತಾಡುತ್ತಿದ್ದಾಗ ಅವನು ಹಾಕಿರಲಿಕ್ಕಿಲ್ಲ, ಆಮೇಲೆ ಯಾವಾಗಲೋ ನನ್ನ ಕಣ್ಣು ತಪ್ಪಿಸಿ ಏನಾದರೂ ಸುರಿದಿರಬೇಕು ಎಂದು ಅಂದುಕೊಂಡೆ.

ಉಳಿದ ಬಾಟಲಿಗಳನ್ನು ಹಾಗೇ ಬಿಡುವಂತಿಲ್ಲ ಎಂದು ಆಫೀಸರ್ ಹೇಳಿದರು. ಡೆಲ್ಮರ್‌ನ ವೆಲ್ಡಿಂಗ್ ಮುಖವಾಡ, ಚರ್ಮದ ಕೈಗವಸು ಹಾಕಿಕೊಂಡು ಅವರೇ ಒಂದೊಂದಾಗಿ ಮುಚ್ಚಳ ತೆಗೆದರು. ನೊರೆ ಚಾವಣಿಗೆ ಹಾರಿತು. ಬಣ್ಣ ಮಾತ್ರ ಚಿನ್ನದ ಹಾಗಿತ್ತು, ಇಷ್ಟು ಚೆನ್ನಾದ ಬಣ್ಣ ನಮಗೆ ಯಾವ ವರ್ಷವೂ ಬಂದಿರಲಿಲ್ಲ. ಎಲ್ಲವೂ ನೆಲದ ಮೋರಿಯಲ್ಲಿ ಹರಿದುಹೋಯಿತು. ಒಂದನ್ನೂ ಉಳಿಸಲಾಗಲಿಲ್ಲ.

ನೆಲ ಒರೆಸಲೆಂದು ನಾನು ಅಲ್ಲೇ ನೇತುಹಾಕಿದ್ದ ಆರ್ನಿಯ ಏಪ್ರನ್ ಕಟ್ಟಿಕೊಂಡೆ. ಬಾಟಲಿ ತುಂಬಿದ ದಿನದ ನಂತರ ಅದನ್ನು ಯಾರೂ ಮುಟ್ಟಿರಲಿಲ್ಲ. ಜೇಬಿನಲ್ಲಿ ಏನೋ ಚುಚ್ಚಿತು. ಸಕ್ಕರೆಯ ಖಾಲಿ ಪೊಟ್ಟಣ, ಉಗುರಿನಷ್ಟು ಸಣ್ಣ ಚೌಕವಾಗಿ ಮಡಿಸಿದ್ದು. ಲಾರಿಯಲ್ಲಿ ಕಸ ಬೀಳಬಾರದೆಂದು ಮೂವತ್ತು ವರ್ಷ ಚಾಕಲೇಟ್ ಕಾಗದವನ್ನೂ ಅವನು ಹಾಗೇ ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ನಾನು ಒಡೆದ ಪೊಟ್ಟಣವನ್ನು ನಾನೇ ಅಂದೇ ಕಸದ ಬುಟ್ಟಿಗೆ ಎಸೆದಿದ್ದೆ. ಅಂದರೆ ತಂದದ್ದು ಎರಡು. ಅವನದನ್ನು ಅವನು ಹಾಕಿದ್ದ. ಕುದಿಸಿ, ಬೆರೆಸಿ, ಒಲೆ ಆರಿಸಿ, ಪಾತ್ರೆ ತೊಳೆದು, ಒರೆಸಿ, ಮೊಳೆಗೆ ಸಿಕ್ಕಿಸಿ, ಕೈಕಟ್ಟಿ ಕೂತಿದ್ದ. ಹಾಕಿದ್ದೇನೆ ಎಂದು ಬಾಯಿಬಿಟ್ಟು ಹೇಳಿದ್ದ. ನಾನು ಒದ್ದೆ ನೆಲದ ಮೇಲೆ ಕೂತುಬಿಟ್ಟೆ. ಆಫೀಸರ್ ಮುಖವಾಡ ಎತ್ತಿ ಗಾಜು ಚುಚ್ಚಿತೇ ಎಂದು ವಿಚಾರಿಸಿದರು. ಇಲ್ಲ ಎಂದು ಹೇಳಿ, ಪೊಟ್ಟಣವನ್ನು ಅವರ ಕೈಗೆ ಕೊಟ್ಟೆ.

ಮೇಲೆ ಬಂದಾಗ ಆರ್ನಿ ಕೋಟು ಟೋಪಿ ಹಾಕಿಕೊಂಡು ಮುಂಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಸಣ್ಣ ಚೀಲ. ಅದರಲ್ಲಿ ಸೌನಾ ಟವೆಲ್ಲು, ರೇಡಿಯೋ, ಒಂದು ಕಾಲಿನ ಚಪ್ಪಲಿ, ಮೇಜಿನ ಮೇಲಿದ್ದ ಎರಡು ಲೋಟಗಳು ಇದ್ದವು.

"ಎಲ್ಲಿಗೋ ಹೊರಟೆ?" ಎಂದೆ.

"ಬಿಯರ್ ಮುಗೀತಲ್ಲೇ. ಇವ್ರು ಕರ್ಕೊಂಡು ಹೋಗೋಕೆ ಬಂದಿದಾರೆ. ಮಾತು ಕೊಟ್ಟಿದೀನಲ್ಲ."

ಅವರು ಅದಕ್ಕೆ ಬಂದವರಲ್ಲ ಎಂದೆ. ಸಕ್ಕರೆ ಎರಡನೆಯ ಸಲ ಹಾಕಿದವಳು ನಾನು, ನೀನು ಹಾಕಿದ್ದು ಸರಿಯಾಗಿಯೇ ಇತ್ತು, ನಿನಗೆ ನೆನಪಿತ್ತು ಎಂದು ಹೇಳಿದೆ. ಅವನು ನಂಬಲಿಲ್ಲ. ತನ್ನ ಮನಸ್ಸು ನೋಯಬಾರದೆಂದು ನಾನು ಸುಳ್ಳು ಹೇಳುತ್ತಿದ್ದೇನೆ ಎಂದ. ಆಗ ಆಫೀಸರ್ ಪೊಟ್ಟಣ ತೋರಿಸಿ, ನಾನು ಹೇಳಿದ್ದನ್ನು ಅಲ್ಲೇ ಬರೆದುಕೊಂಡು, ಟೋಪಿ ತೆಗೆದು ಗಟ್ಟಿಯಾಗಿ ಓದಿದರು. ಆರ್ನಿ ಕಿವಿಗೆ ಕೈ ಕೊಟ್ಟು ಕೇಳಿದ.

"ಅಂದ್ರೆ ನಾನು ಹಾಕಿದ್ದೆ?"

"ಹಾಕಿದ್ದೆ ಕಣೋ."

"ಸಿಹಿ ಜಾಸ್ತಿ ಅಂದಿದ್ದೂ ಸರಿನಾ?"

"ಸರಿ."

"ನಿನ್ನ ಮೂಗಿನ ತುದೀಲಿ ಸಿಟ್ಟು, ಕಿವಿ ಮಾತ್ರ ಇಲ್ಲ ಅಂತ ಮದುವೆ ದಿನಾನೇ ನಮ್ಮಮ್ಮ ಹೇಳಿದ್ಲು" ಎಂದು ನಕ್ಕ. ಎರಡು ವರ್ಷದಲ್ಲಿ ಅವನು ಅಷ್ಟು ಎದೆಯುಬ್ಬಿಸಿ ನಿಂತದ್ದನ್ನು ನಾನು ನೋಡಿರಲಿಲ್ಲ.

ಒಪ್ಪಂದ ಬೇಡ, ಇನ್ನೊಂದು ಡಬ್ಬಿ ಪಾಕ ತಂದು ಮತ್ತೆ ಮಾಡೋಣ, ಮೊದಲಿನಿಂದ ಶುರು ಎಂದು ನಾನು ಗೋಗರೆದೆ. ಅವನು ಒಪ್ಪಲಿಲ್ಲ. "ಬೇಡ ಕಣೇ. ಹೋಗ್ತೀನಿ ಅಂದವನು ನಾನೇ ಅಂತ ಇವತ್ತು ನೆನಪಿದೆ. ಮುಂದಿನ ವರ್ಷ ಅದೂ ಇರಲ್ಲ. ಆಗ ನೀನೇ ನನ್ನ ಹೊರಗೆ ಹಾಕಿದೆ ಅನ್ಕೋತೀನಿ. ನೆನಪಿರೋವಾಗ್ಲೇ ಬಿಟ್ಟು ಬಾ" ಎಂದ. ನಾಳೆ ಬೆಳಿಗ್ಗೆ ಬಿಟ್ಟುಬರುತ್ತೇನೆ ಎಂದು ನಾನು ಒಪ್ಪಿಕೊಂಡೆ. ಈ ಸಲ ಅವನ ಮಾತು ಕೇಳಿದ್ದೇನೆ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಆರ್ನಿ ಅಡುಗೆಮನೆಗೆ ಬಂದು, ಬಾಟಲಿಗಳು ಯಾಕೆ ಒಡೆದವು ಎಂದು ಆಫೀಸರನ್ನು ಕೇಳಿದ. ಅವರು ಉತ್ತರ ಕೊಡುವ ಮೊದಲೇ, "ನಾನೇ ಇರ್ಬೇಕು. ಬರ್ಕೊಳ್ಳಿ ಸಾರ್" ಎಂದ.

ಇದರಲ್ಲಿ ಇರುವುದೆಲ್ಲ ನಾನು ಕಣ್ಣಾರೆ ಕಂಡದ್ದು, ಕೈಯಾರೆ ಮಾಡಿದ್ದು. ಓದಿಸಿ ಕೇಳಿದ್ದೇನೆ, ತಪ್ಪಿಲ್ಲ. ಇದರ ಒಂದು ಪ್ರತಿಯನ್ನು ದೊಡ್ಡ ಅಕ್ಷರದಲ್ಲಿ ನನಗೆ ಇವತ್ತೇ ಕೊಡಬೇಕೆಂದು ಕೋರುತ್ತೇನೆ. ನಾಳೆ ಅವನ ಕೋಣೆಯ ಗೋಡೆಗೆ, ಮಂಚದಿಂದ ಕಾಣುವ ಹಾಗೆ, ಅಂಟಿಸಬೇಕಾಗಿದೆ.

ಸ್ಥಳ: ಬರ್ಚ್ ಬೀದಿ, ಹ್ಯಾಂಕಾಕ್
ದಿನಾಂಕ: ಮೇ ೧೭, ಶನಿವಾರ
ಸಹಿ: ಮಾರ್ಲಿಸ್ ಕೊರ್ಪೆಲಾ, ಎರಡನೆಯ ಸಲ ಸಕ್ಕರೆ ಹಾಕಿದವಳು