ಹಿಂದಿನ ಸೀಟಿನ ಹ್ಞೂ

ಚೇಳೂರು ದಾಟಿ ದಿಬ್ಬೂರಹಳ್ಳಿ ಕಡೆಗೆ ಬರುವಾಗ ಎಡಕ್ಕೊಂದು ದೊಡ್ಡ ಆಲದಮರ ಇದೆ. ಅದರ ಪಕ್ಕದಲ್ಲೇ ಹಳೇ ಕಲ್ಲುಬಾವಿ. ಹಗಲಲ್ಲಿ ಕುರಿ ಕಾಯುವವರು ಅಲ್ಲೇ ಕೂತು ಬುತ್ತಿ ಬಿಚ್ಚುತ್ತಾರೆ. ನಮ್ಮ ಚಿಕ್ಕಪ್ಪನ ಮಗ ಜಗನ್ ಅಲ್ಲಿ ಬುಲೆಟ್ ನಿಲ್ಲಿಸಿದ್ದು ಮಾತ್ರ ರಾತ್ರಿ ಒಂದೂವರೆಗೆ. ನಿಲ್ಲಿಸಬಾರದಿತ್ತು... ಆದರೆ ಉಚ್ಚೆಗೆ ಹೊತ್ತುಗೊತ್ತು ಇರುತ್ತದೆಯೇ?

ಅವಸರ ಆಗಿದ್ದು ಹಿಂದೆ ಕೂತಿದ್ದ ಚೈತನ್ಯನಿಗೆ. ಜಂಗಮಕೋಟೆಯವನು, ಜಗನ್‌ನ ಕಾಲೇಜು ಗೆಳೆಯ. ಇಬ್ಬರೂ ಒಂದೇ ಗಾಡಿಯಲ್ಲಿ ಎಂಟು ದಿನ ರಾಯಲಸೀಮೆ ಸುತ್ತಿ, ಗಂಡಿಕೋಟೆ, ಬೇಲಂ ಗುಹೆ, ಅಹೋಬಲ ಎಲ್ಲ ನೋಡಿಕೊಂಡು, ಕದಿರಿಯ ಮೇಲೆ ಊರಿಗೆ ವಾಪಸು ಬರುತ್ತಿದ್ದರು. ಹೊರಡುವ ದಿನ ಚೈತನ್ಯನ ತಾಯಿ ಕದಿರಮ್ಮ ಜಗನ್ ಕೈ ಹಿಡಿದು ಹೇಳಿದ್ದರು: "ಇವನು ಕೂತಲ್ಲೇ ನಿದ್ದೆ ಹೋಗ್ತಾನೆ ಕಣಪ್ಪ. ನಿನ್ನ ನಂಬ್ಕೊಂಡು ಕಳಿಸ್ತಿದೀನಿ."

ತಾಯಿ ಮಾತು ಸುಳ್ಳಾಗಲಿಲ್ಲ. ನಂದ್ಯಾಲದ ಹತ್ತಿರ ಚೈತನ್ಯ ತೂಕಡಿಸಿ ಸೀಟಿನಿಂದ ಜಾರಿದ. ಜಗನ್ ಕೈಗೆ ಜಾಕೆಟ್ಟು ಸಿಕ್ಕಿದ್ದಕ್ಕೆ ಉಳಿದ. ಅವತ್ತಿನಿಂದ ಒಂದು ಉಪಾಯ ಮಾಡಿಕೊಂಡರು. ಕತ್ತಲಾದ ಮೇಲೆ ಜಗನ್ ಕತೆ ಹೇಳಬೇಕು, ಚೈತನ್ಯ ಹೂಂಗುಟ್ಟಬೇಕು. ಹ್ಞೂ ನಿಂತರೆ ಗಾಡಿಯೂ ನಿಲ್ಲಬೇಕು.

ಆ ರಾತ್ರಿಯ ಕತೆ ನಮ್ಮ ಅಜ್ಜಿ ಅಮ್ಮಾಜಮ್ಮ ಹೇಳುತ್ತಿದ್ದದ್ದು. ಕಳೆದುಹೋದ ಎಮ್ಮೆಯನ್ನು ಹುಡುಕಿಕೊಂಡು ಹೋದ ಮುದುಕಿಯದು. ಮುದುಕಿ ಗುಡ್ಡವನ್ನು ಕೇಳುತ್ತಾಳೆ, ಗುಡ್ಡ ಮುಂದೆ ಹೋಗು ಅನ್ನುತ್ತದೆ. ಹಳ್ಳವನ್ನು ಕೇಳುತ್ತಾಳೆ, ಹಳ್ಳವೂ ಮುಂದೆ ಹೋಗು ಅನ್ನುತ್ತದೆ. ಎಳೆದಷ್ಟೂ ಉದ್ದ. ಒಂದೊಂದು ಮಾತಿಗೂ ಚೈತನ್ಯ ಮುಂದಕ್ಕೆ ಬಾಗುತ್ತಿದ್ದ, ಅವನ ಹೆಲ್ಮೆಟ್ಟು ಜಗನ್ ಹೆಲ್ಮೆಟ್ಟಿಗೆ ತಾಗುತ್ತಿತ್ತು. ಟಕ್... "ಹ್ಞೂ." ಟಕ್... "ಹ್ಞೂ."

ಆಲದಮರದ ಹತ್ತಿರ ಚೈತನ್ಯ ಇಳಿದು, ಹೆಲ್ಮೆಟ್ ತೆಗೆಯುತ್ತಾ ಕತ್ತಲೊಳಕ್ಕೆ ಹೋದ. ಜಗನ್ ಇಂಜಿನ್ ಆರಿಸಲಿಲ್ಲ. ಡಗ್... ಡಗ್... ಡಗ್. ಸ್ವಲ್ಪ ಹೊತ್ತಾಯಿತು. ಹಿಂದಿನ ಶಾಕ್ ಅಬ್ಸಾರ್ಬರ್ 'ಕ್ರೀಕ್' ಅಂತು. ಸೀಟು ಕುಸಿಯಿತು.

"ಕೂತ್ಯೇನೋ?"

"ಹ್ಞೂ."

"ಕತೆ ಮುಂದುವರಿಸ್ಲಾ?"

"ಹ್ಞೂ."

ಹೊರಟ. ಮುದುಕಿ ಹುತ್ತವನ್ನು ಕೇಳಿದಳು. "ಹ್ಞೂ." ಹುಣಸೆಮರವನ್ನು ಕೇಳಿದಳು. "ಹ್ಞೂ." ಎರಡು ಮೈಲಿ ಹೋದ ಮೇಲೆ ಜಗನ್‌ಗೆ ಏನೋ ಕಸಿವಿಸಿ. ಟಕ್ ಅನ್ನುವ ಸದ್ದೇ ಇಲ್ಲ. ಹ್ಞೂ ಮಾತ್ರ ಸ್ಪಷ್ಟವಾಗಿ, ಕತ್ತಿನ ಹಿಂದೆಯೇ ಕೇಳುತ್ತಿದೆ.

"ಹೆಲ್ಮೆಟ್ ಹಾಕ್ಕೊಳೋ ಮಗಾ."

"ಹ್ಞೂ."

ಮುದುಕಿ ಮರಕ್ಕೆ ಬಯ್ಯುವ ಜಾಗ ಬಂತು. ಅಜ್ಜಿಯ ಬೈಗುಳ ಅಂದರೆ ಚೈತನ್ಯ ಬಿದ್ದು ಬಿದ್ದು ನಗುವವನು. ನಗಲಿಲ್ಲ. "ಹ್ಞೂ" ಅಂತು, ಅಷ್ಟೇ. ಅದೇ ದನಿ, ಅದೇ ಅಳತೆ.

ದಿಬ್ಬೂರಹಳ್ಳಿ ಇನ್ನೂ ಅರ್ಧ ಮೈಲಿ ಇರುವಾಗ ರಸ್ತೆ ಪಕ್ಕ ಒಂದು ಬೀದಿದೀಪ. ಅದು ಹಿಂದಕ್ಕೆ ಹೋದಂತೆ ಗಾಡಿಯ ನೆರಳು ಮುಂದಕ್ಕೆ ಬಿದ್ದು ಉದ್ದವಾಯಿತು. ಜಗನ್ ನೋಡಿದ. ಗಾಡಿ ಇದೆ. ಎರಡು ಪಕ್ಕದ ಬ್ಯಾಗುಗಳಿವೆ. ತಲೆ ಒಂದೇ ಇದೆ.

ಕತೆ ನಿಂತಿತು.

ಹಿಂದೆ ಸೀಟಿನ ರೆಕ್ಸಿನ್ 'ಕಿರ್ರ್' ಅಂತು... ಯಾರೋ ಹತ್ತಿರಕ್ಕೆ ಜರುಗಿದ ಹಾಗೆ. ಆಮೇಲೆ, ಅವನು ಏನೂ ಹೇಳದಿದ್ದರೂ, "ಹ್ಞೂ?" ಅಂತು.

ಧೈರ್ಯಂ ಸರ್ವತ್ರ ಸಾಧನಂ ಅಂತ ಮನೆಯಲ್ಲಿ ಕೂತು ಯಾರು ಬೇಕಾದರೂ ಹೇಳಬಹುದು. ಜಗನ್‌ಗೆ ಅಲ್ಲಿ ಹೊಳೆದದ್ದು ಎರಡೇ. ಒಂದು, ಕದಿರಮ್ಮನ ಮಗ ಆ ಬಾವಿ ಹತ್ತಿರ ಒಬ್ಬನೇ ಇದ್ದಾನೆ. ಫೋನ್ ಮಾಡೋಣ ಅಂದರೆ ಅವನ ಫೋನು ಮ್ಯಾಪ್ ತೋರಿಸುತ್ತಾ ಇಲ್ಲೇ ಹ್ಯಾಂಡಲ್ ಮೇಲಿದೆ. ಇನ್ನೊಂದು, ಅಜ್ಜಿಯ ಮಾತು: "ಹೂಂಗುಡೋರು ಇರೋವಾಗ ಕತೆ ಅರ್ಧಕ್ಕೆ ಬಿಡಬಾರ್ದು ಕಣೋ."

"ಆಮೇಲೆ... ಆಮೇಲೆ ಮುದುಕಿ ಕೆರೇನ ಕೇಳಿದ್ಳು..." ಅಂದ.

"ಹ್ಞೂ."

ಗಾಡಿ ತಿರುಗಿಸಿದ.

ಊರೊಳಗೆ ಹೋಗಿ ಕೂಗಿ ಜನ ಎಬ್ಬಿಸಬಹುದಿತ್ತಲ್ಲೋ ಅಂತ ಆಮೇಲೆ ನಾವು ಕೇಳಿದೆವು. "ಕತೆ ನಿಲ್ಲಿಸಿದ್ರೆ ತಾನೆ ಕೂಗೋದು" ಅಂದ. ಬಂದ ದಾರಿಯಷ್ಟನ್ನೂ ಹಾಗೇ ವಾಪಸು ಹೋದ. ಕನ್ನಡಿ ನೋಡಲಿಲ್ಲ. ಮುದುಕಿ ಕೆರೆಯ ಕಪ್ಪೆಯನ್ನು ಕೇಳಿದಳು, ಬಂಡೆಯನ್ನು ಕೇಳಿದಳು, ಬಾಯಿಗೆ ಬಂದದ್ದನ್ನೆಲ್ಲ ಕೇಳಿದಳು. ಅಜ್ಜಿ ಹೇಳಿದ ಕತೆ ಎಲ್ಲೋ ಮುಗಿದುಹೋಗಿ, ಅವನೇ ಕಟ್ಟಿಕೊಂಡು ಹೇಳುತ್ತಿದ್ದ. ಅಳುತ್ತಾ ಹೇಳುತ್ತಿದ್ದ. ಪ್ರತಿಯೊಂದಕ್ಕೂ ಹಿಂದಿನಿಂದ ತಣ್ಣಗೆ "ಹ್ಞೂ."

ಆಲದಮರ ಕಾಣಿಸಿತು. ಹೆಡ್‌ಲೈಟಿನಲ್ಲಿ ಚೈತನ್ಯ. ಮರದ ಕಟ್ಟೆಯ ಮೇಲೆ, ಹೆಲ್ಮೆಟ್ ತೊಡೆ ಮೇಲಿಟ್ಟುಕೊಂಡು, ಬಾವಿ ಕಡೆ ಮುಖ ಮಾಡಿ ಕೂತಿದ್ದ. ಕಣ್ಣು ಮುಚ್ಚಿತ್ತು.

"ಮುದುಕಿ ಮುಂದೆ ಹೋದ್ಳು..." ಅಂದ ಜಗನ್.

"ಹ್ಞೂ."

ಈ ಸಲ ಹ್ಞೂ ಹಿಂದಿನಿಂದ ಬರಲಿಲ್ಲ. ಕಟ್ಟೆಯ ಮೇಲಿಂದ ಬಂತು.

ಇಂಜಿನ್ ಆರಿಸಿದ. ಬಿಸಿ ಸೈಲೆನ್ಸರ್ ಟಿಕ್... ಟಿಕ್... ಅನ್ನುತ್ತಿತ್ತು. ಹಿಂದಿನ ಸೀಟು ಹಗುರಾಗಿತ್ತು. ಜಗನ್ ಬಾಯಿ ಬಿಗಿಹಿಡಿದು ನಿಂತ. ಯಾರೂ ಏನೂ ಹೇಳುತ್ತಿಲ್ಲ. ಎಲೆ ಕೂಡ ಅಲ್ಲಾಡುತ್ತಿಲ್ಲ.

"ಹ್ಞೂ" ಅಂದ ಚೈತನ್ಯ.

ಸ್ವಲ್ಪ ಬಿಟ್ಟು ಮತ್ತೆ, "ಹ್ಞೂ."

ಜಗನ್ ಓಡಿಹೋಗಿ ಕೆನ್ನೆಗೆ ಬಾರಿಸಿದ.

"ಯಾಕೋ ಹೊಡೀತೀಯ? ಕತೆ ಮುಗೀಲಿ ಇರೋ!"

"ಯಾರೋ ಹೇಳ್ತಿರೋದು ಕತೇನ?"

"ನೀನೇ ಅಲ್ವೇನೋ..." ಚೈತನ್ಯ ಬಾವಿ ಕಡೆ ಕೈ ತೋರಿಸಿದ. ಆಮೇಲೆ ತನ್ನ ಮುಂದೆ ನಿಂತಿದ್ದ ಜಗನ್‌ನನ್ನು ನೋಡಿದ. ಕೈ ಮೆಲ್ಲಗೆ ಕೆಳಗಿಳಿಯಿತು. "ಇಷ್ಟೊತ್ತೂ ಅಲ್ಲಿ ಕೂತ್ಕೊಂಡು ಹೇಳ್ತಿದ್ಯಲ್ಲೋ..." ಅಂತ ಪಿಸುಗುಟ್ಟಿದ.

ಜಗನ್ ಅವನನ್ನು ಎಳೆದು ಕೂರಿಸಿ, ಬ್ಯಾಗಿನ ಹಗ್ಗ ಬಿಚ್ಚಿ ಅವನ ಸೊಂಟವನ್ನು ತನ್ನ ಸೊಂಟಕ್ಕೆ ಬಿಗಿದುಕೊಂಡ. ಶಿಡ್ಲಘಟ್ಟ ದಾಟಿ ಜಂಗಮಕೋಟೆ ಮುಟ್ಟುವವರೆಗೂ ಕತೆಯೂ ಇಲ್ಲ, ಹ್ಞೂ ಕೂಡ ಇಲ್ಲ. ಡೇರಿಗೆ ಹಾಲು ಹಾಕುವವರು ಆಗಲೇ ಎದ್ದಿದ್ದರು. ಮಗನನ್ನು ನೋಡಿ ಕದಿರಮ್ಮ ನಕ್ಕರು, ಇಬ್ಬರಿಗೂ ಕಾಫಿ ಕೊಟ್ಟರು. ಬಾವಿಯ ಸುದ್ದಿ ಜಗನ್ ಎತ್ತಲಿಲ್ಲ. ಗೆದ್ದೆ ಅಂದುಕೊಂಡ, ಪಾಪ.

ಹತ್ತು ದಿನ ಆದ ಮೇಲೆ ಕದಿರಮ್ಮನ ಫೋನು.

"ಜಗನ್, ಒಂದ್ಸಾರಿ ಬಂದೋಗಪ್ಪ. ಇವನು ರಾತ್ರಿಯೆಲ್ಲ ನಿದ್ದೇಲಿ ಹ್ಞೂ ಅಂತಾನೆ. ಯಾರೋ ಕತೆ ಹೇಳ್ತಿರೋ ಹಾಗೆ."

ನನ್ನನ್ನೂ ಕರೆದುಕೊಂಡು ಹೋದ. ಅವನೊಬ್ಬನೇ ಹೋಗಲು ಹೆದರಿದ್ದ, ಅದರಲ್ಲಿ ಮುಚ್ಚಿಡುವಂಥದ್ದೇನಿದೆ? ಚೈತನ್ಯನ ಕೋಣೆಯಲ್ಲೇ ಚಾಪೆ ಹಾಕಿಕೊಂಡು ಮಲಗಿದೆವು. ಫ್ಯಾನ್ ಸದ್ದು ಬಿಟ್ಟರೆ ಬೇರೇನಿಲ್ಲ. ಒಂದೂವರೆಗೆ ಶುರುವಾಯಿತು. "ಹ್ಞೂ." ... "ಹ್ಞೂ." ಜಗನ್ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಬೆಳಿಗ್ಗೆ ನೋಡಿದರೆ ಉಗುರಿನ ಗುರುತು ಇತ್ತು.

ಬೆಳಿಗ್ಗೆ ಚೈತನ್ಯ ಎಂದಿನ ಹಾಗೇ ಎದ್ದ. ಹಲ್ಲುಜ್ಜಿದ, ಪೇಪರ್ ಓದಿದ. ಕದಿರಮ್ಮ ತಡೆಯಲಾರದೆ ಕೇಳೇಬಿಟ್ಟರು, "ಏನಪ್ಪ ಅದು ನಿನ್ನ ಕತೆ? ಯಾವಾಗ ಮುಗಿಯುತ್ತೆ?"

"ಇನ್ನು ಸ್ವಲ್ಪಾನೇ ಕಣಮ್ಮ" ಅಂದ, ಪೇಪರಿನಿಂದ ತಲೆ ಎತ್ತದೆ. "ಮುದುಕಿಗೆ ಎಮ್ಮೆ ಕೊರಳಿನ ಗಂಟೆ ಕೇಳಿಸ್ತಿದೆ."

ಗಂಟೆ ಅನ್ನುವುದು ಅಜ್ಜಿಯ ಕತೆಯಲ್ಲಿ ಇಲ್ಲ. ಜಗನ್ ಹೇಳಿದ್ದರಲ್ಲೂ ಇಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ... ನಾನು ಅಲ್ಲೇ ಹೊಸ್ತಿಲ ಹತ್ತಿರ ಕಾಫಿ ಲೋಟ ಹಿಡಿದು ಕೂತಿದ್ದೆ. ಇದೇ ಕಿವಿಯಲ್ಲಿ ಕೇಳಿದ್ದೀನಿ.