ಎಂಟನೇ ಕಾಲೇಜಿನ ಜರ್ಸಿ

ಅಲ್ಲ ಮಾರಾಯ, ಅದು ಎಂತ ಆಟ ಅಂತ ನಂಗೆ ಹೇಳಿಕೊಡುದು ಬೇಡ, ನಂಗೆ ಗೊತ್ತುಂಟು. ಹೆಸರು ಫುಟ್‌ಬಾಲ್, ಕಾಲಲ್ಲಿ ಒದೆಯುದು ಅಪರೂಪಕ್ಕೆ. ಚೆಂಡನ್ನು ಎದೆಗೆ ಅವುಚಿಕೊಂಡು ಒಬ್ಬ ಓಡುದು, ಉಳಿದವರೆಲ್ಲ ಹೋಗಿ ಅವನ ಮೇಲೆ ಬೀಳುದು. ನೀನು ಆ ಟ್ಯಾಬಲ್ಲಿ ನೋಡುದು ದೊಡ್ಡ ಕಾಲೇಜಿನವರದ್ದು, ಲೈಟು, ಬ್ಯಾಂಡು, ಗಲಾಟೆ. ನಂಗೆ ಗೊತ್ತಿರುದು ಸಣ್ಣ ಕಾಲೇಜುಗಳದ್ದು. ಎಂಟು ಕಾಲೇಜು. ಎಂತ ನಗುದು ಸಾನ್ವಿ? ಈ ಅಜ್ಜಿಗೆ ಅಮೆರಿಕದ ಕಾಲೇಜು ಹೇಗೆ ಗೊತ್ತು ಅಂತಲಾ? ಆ ಎಂಟು ಕಾಲೇಜಿನ ಬಾವುಟ ಹೊಲಿದದ್ದು ಯಾರು ಅಂತ ಗ್ರಹಿಸಿದ್ದಿ? ಇದೇ ಕೈ. ಟ್ಯಾಬ್ ಬದಿಗಿಡಿ, ಇಲ್ಲಿ ಬಾಲ್ಕನಿಗೆ ಬನ್ನಿ ಇಬ್ರೂ, ಸ್ವಲ್ಪ ಗಾಳಿ ಉಂಟು.

ಆಗ ನಿಮ್ಮ ಅಪ್ಪ ಆರನೇ ಕ್ಲಾಸು. ಅಲ್ಲ, ಏಳನೆಯದ್ದು, ಆರನೆಯದ್ದರಲ್ಲಿ ಅವನಿಗೆ ಕೋಟ್ಲೆ ಆಗಿ ಮೈಯೆಲ್ಲ ಗುಳ್ಳೆ ಎದ್ದಿತ್ತು. ನಾವು ಬಹರೈನಿನ ಗುದೈಬಿಯಾದಲ್ಲಿ ಒಂದೇ ಕೋಣೆಯಲ್ಲಿ ಇದ್ದದ್ದು. ನಿಮ್ಮ ಅಜ್ಜ ಸಲ್ಮಾಬಾದಿನ ಒಂದು ಗ್ಯಾರೇಜಲ್ಲಿ ಮೆಕ್ಯಾನಿಕ್. ಒಂದು ದಿನ ಇಂಜಿನ್ ಎತ್ತುವಾಗ ಬೆನ್ನು ಹಿಡಿದದ್ದು, ಹಿಡಿದೇ ಹೋಯ್ತು. ಮಲಗಿದ್ರೆ ಏಳ್ಲಿಕ್ಕಾಗುದಿಲ್ಲ, ಎದ್ರೆ ಕೂರ್ಲಿಕ್ಕಾಗುದಿಲ್ಲ. ಗ್ಯಾರೇಜಿನವ ಹೇಳಿದ, ಗುಣ ಆದ ಮೇಲೆ ಬಾ, ಅಲ್ಲಿವರೆಗೆ ಸಂಬಳ ಇಲ್ಲ. ಮಧ್ಯಾಹ್ನಕ್ಕೆ ಗಂಜಿ ಉಪ್ಪಿನಕಾಯಿ, ರಾತ್ರಿಗೆ ಕುಬ್ಬೂಸು ರೊಟ್ಟಿ, ಚಾ. ನಿಮ್ಮ ಅಪ್ಪ ಪಾಪ, ಒಂದು ದಿನವೂ ಬೇಡ ಅಂತ ಹೇಳಿದವನಲ್ಲ. ಚಾದಲ್ಲಿ ಅದ್ದಿಕೊಂಡು ತಿಂತಿದ್ದ. ಈಗ ನೀವು ಪಿಜ್ಜಾದ ಅಂಚು ಬಿಡ್ತೀರಲ್ಲ, ಅದನ್ನು ನೋಡುವಾಗ ನಂಗೆ ಮೈ ಉರಿತದೆ. ಇರ್ಲಿ.

ನಂಗೆ ಬರ್ತಿದ್ದ ಕೆಲಸ ಒಂದೇ, ಹೊಲಿಗೆ. ಅದರಲ್ಲಿಯೂ ರಫು. ರಫು ಅಂದ್ರೆ ಗೊತ್ತುಂಟಾ? ಹರಿದ ಜಾಗವನ್ನು ನೂಲಲ್ಲೇ ತಿರುಗಿ ನೇಯುದು, ಹರಿದಿತ್ತು ಅಂತಲೇ ಗೊತ್ತಾಗ್ಬಾರ್ದು. ನನ್ನ ಅಮ್ಮ ಕಲಿಸಿದ್ದು. ಟುಬ್ಲಿಯಲ್ಲಿ ಒಂದು ಎಂಬ್ರಾಯ್ಡರಿ ಅಂಗಡಿ ಇತ್ತು, ಕಂಪನಿಗಳ ಯೂನಿಫಾರ್ಮಿಗೆ ಹೆಸರು ಹೊಲಿಯುದು, ಬಾವುಟ ಮಾಡುದು. ಅದರ ಮಾಸ್ಟರ್ ಕರಾಚಿಯವರು, ಗಡ್ಡಕ್ಕೆ ಮೆಹಂದಿ ಹಾಕ್ತಿದ್ರು, ಬಾಯಿ ತೆರೆದ್ರೆ ಬೈಗುಳ. ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ್ರು, "ಒಂದು ತಿಂಗಳು ನೋಡ್ತೇನೆ ಬೆಹನ್, ಕೆಲಸ ಸರಿ ಆದ್ರೆ ಇರು, ಇಲ್ಲದಿದ್ರೆ ಖುದಾ ಹಾಫಿಜ್." ನಾನು ಆಯ್ತು ಅಂದೆ. ಆ ಕೆಲಸ ಹೋದ್ರೆ ನಾವು ಮೂರು ಜನ ಊರಿಗೆ ಗಂಟು ಕಟ್ಟುದೇ, ಬೇರೆ ದಾರಿ ಇರ್ಲಿಲ್ಲ.

ಮೂರನೇ ವಾರ ಇರ್ಬೇಕು, ಒಬ್ಬ ಅಮೆರಿಕನ್ ಬಂದ್ರು. ಡಿಪ್ಲೊಮ್ಯಾಟಿಕ್ ಏರಿಯಾದ ಯಾವುದೋ ಬ್ಯಾಂಕಿನ ಆಫೀಸರ್, ವಾಲ್ಟರ್ ಅಂತ ಹೆಸರು. ಬಾಗಿಲಲ್ಲಿ ನಿಂತ್ರೆ ಬೆಳಕೇ ಬರುದಿಲ್ಲ, ಅಷ್ಟು ದೊಡ್ಡ ಆಳು, ಮಾತು ಮಾತ್ರ ಮೆತ್ತಗೆ. ಅವರು ಇಂಗ್ಲಿಷಲ್ಲಿ ಹೇಳುದು, ಮಾಸ್ಟರ್ ನಂಗೆ ಹಿಂದಿಯಲ್ಲಿ ಹೇಳುದು. ಎಂತ ಅಂದ್ರೆ, ಅವರ ಊರಿನ ಕಡೆ ಎಂಟು ಸಣ್ಣ ಕಾಲೇಜು ಸೇರಿ ಒಂದು ಕಾನ್ಫರೆನ್ಸ್ ಮಾಡಿಕೊಂಡಿದ್ರಂತೆ. ನಮ್ಮಲ್ಲಿ ಕಬಡ್ಡಿಗೆ ಹತ್ತಿರದ ಊರಿನವರೆಲ್ಲ ಸೇರಿ ಒಂದು ಕೂಟ ಮಾಡುದಿಲ್ವಾ, ಹಾಗೆ. ಪ್ರತಿ ವರ್ಷ ಆ ಎಂಟರವರು ಒಬ್ಬರ ಊರಿಗೆ ಒಬ್ಬರು ಬಸ್ಸಲ್ಲಿ ಹೋಗಿ ಆಡುದು. ಅವರಿಗೆ ಟಿವಿಯೂ ಇಲ್ಲ, ಹೆಸರೂ ಇಲ್ಲ, ಶನಿವಾರ ಆಡಿ ಸೋಮವಾರ ಕುಂಟುತ್ತಾ ಕ್ಲಾಸಿಗೆ ಹೋಗುದು. ಇಲ್ಲಿ ಬಹರೈನಲ್ಲಿ ಅವರ ದೋಸ್ತಿಗಳ ಒಂದು ಗುಂಪು ಶುಕ್ರವಾರ ಆಡ್ತದಂತೆ, ಅಲ್ಲಿ ಗೋಡೆಗೆ ಹಾಕ್ಲಿಕ್ಕೆ ಎಂಟೂ ಕಾಲೇಜಿನ ಬಾವುಟ ಬೇಕು ಅಂತ.

ಏಳು ಕಾಲೇಜಿನ ಬಣ್ಣಕ್ಕೆ ಫೋಟೋ ತಂದಿದ್ರು. ಎಂಟನೆಯದ್ದು ಅವರದ್ದೇ ಕಾಲೇಜು, ಅದಕ್ಕೆ ಫೋಟೋದಲ್ಲಿ ಬಣ್ಣ ಸರಿ ಬರುದಿಲ್ಲ ಅಂತ ಒಂದು ಹಳೆ ಜರ್ಸಿಯನ್ನೇ ಕೊಟ್ರು. ಕುಂಕುಮಕ್ಕಿಂತ ಸ್ವಲ್ಪ ಕಪ್ಪು ಬಣ್ಣ. ಅಯ್ಯೋ ದೇವರೇ, ಅದರ ಅವಸ್ಥೆ! ಎದುರಿಗೆ ಇಷ್ಟಗಲ ಒಣಗಿದ ಕೆಸರು, ಮೊಣಕೈಯಲ್ಲಿ ಹುಲ್ಲಿನ ಕಲೆ, ಹೆಗಲಲ್ಲಿ ಒಂದು ಗೇಣು ಹರಿದದ್ದು. ನಾನು ಮನಸ್ಸಲ್ಲೇ ಹೇಳಿದೆ, ಇಷ್ಟು ದೊಡ್ಡ ಆಫೀಸರ್, ಮನೆಯಲ್ಲಿ ತೊಳೆಯುವವರು ಯಾರೂ ಇಲ್ವಾ ಪಾಪ ಅಂತ.

ಈಗ ಕೇಳಿ. ನಮ್ಮ ಮನೆಯ ಕ್ರಮ ಎಂತ? ನೆರೆಮನೆಯಿಂದ ಪಾತ್ರೆಯಲ್ಲಿ ಏನಾದ್ರೂ ಬಂದ್ರೆ ಖಾಲಿ ಪಾತ್ರೆ ತಿರುಗಿ ಕೊಡ್ತೇವಾ? ಇಲ್ಲ. ಒಂದು ಹಿಡಿ ಸಕ್ಕರೆ ಆದ್ರೂ ಹಾಕಿ ಕೊಡ್ತೇವೆ. ಅಳತೆಗೆ ಅಂತ ಯಾರಾದ್ರೂ ಹಳೆ ರವಿಕೆ ಕೊಟ್ರೆ ನನ್ನ ಅಮ್ಮ ಅದರ ಹುಕ್ಕು ಬಿದ್ದಿದ್ರೆ ಹಾಕಿ, ತೊಳೆದು, ಮಡಚಿ ಕೊಡ್ತಿದ್ರು. ಅದಕ್ಕೆ ದುಡ್ಡು ಕೇಳ್ತಿರ್ಲಿಲ್ಲ, ಹೇಳ್ತಲೂ ಇರ್ಲಿಲ್ಲ. ನಾನೂ ಹಾಗೆಯೇ ಮಾಡಿದೆ. ಬಾವುಟ ಎಂಟೂ ಮುಗಿದ ಮೇಲೆ ಜರ್ಸಿಯನ್ನು ಮನೆಗೆ ತಂದೆ. ಊರಿಂದ ತಂದ ಅಂಟುವಾಳ ಸ್ವಲ್ಪ ಇತ್ತು, ಅದರಲ್ಲಿ ನೆನೆಸಿ, ನಿಂಬೆಹುಳಿ ತಿಕ್ಕಿ, ಮೂರು ನೀರಲ್ಲಿ ತೊಳೆದೆ. ಕೆಸರಿನ ನೀರು ಬಚ್ಚಲಲ್ಲಿ ಹೋದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಮತ್ತೆ ಅದರದ್ದೇ ಒಳ ಅಂಚಿಂದ ನೂಲು ಎಳೆದು ಹೆಗಲಿಗೆ ರಫು ಹಾಕಿದೆ. ಎರಡು ಸಂಜೆ ಹಿಡಿಯಿತು. ನಿಮ್ಮ ಅಜ್ಜ ಮಲಗಿದಲ್ಲಿಂದಲೇ ಕೈಗೆ ತೆಗೊಂಡು ಹುಡುಕಿದ್ರು, ಹರಿದ ಜಾಗ ಸಿಗ್ಲಿಲ್ಲ. "ಈಗ ನಿನ್ನ ಕೆಲಸ ಪರ್ಮನೆಂಟ್ ಆಯ್ತು ಸುಮತಿ" ಅಂದ್ರು. ನಂಗೂ ಹಾಗೇ ಕಂಡಿತ್ತು.

ವಾಲ್ಟರ್ ಬಂದ್ರು. ಬಾವುಟ ಒಂದೊಂದೇ ಬಿಡಿಸಿದ್ರು. ಏನು ಖುಷಿ ಅವರಿಗೆ! ಇದು ಯಾರದ್ದು, ಅದು ಯಾರದ್ದು ಅಂತ ಮಾಸ್ಟರ್ ಹತ್ರ ಹೇಳಿದ್ದೇ ಹೇಳಿದ್ದು. ಈ ಕಾಲೇಜಿನ ಮೈದಾನದ ಬದಿಯಲ್ಲೇ ರೈಲು ಹೋಗುದು, ಗೂಡ್ಸ್ ಗಾಡಿ ಬಂದ್ರೆ ಮಾತು ಕೇಳುದಿಲ್ಲ, ಅದು ದಾಟುವವರೆಗೆ ಎಲ್ಲರೂ ಸುಮ್ಮನೆ ನಿಲ್ಲುದು. ಈ ಹಳದಿಯವರು ಬೆಳಿಗ್ಗೆ ದನದ ಹಾಲು ಕರೆದು ಪ್ರಾಕ್ಟೀಸಿಗೆ ಬರುವವರು, ಅವರನ್ನು ತಳ್ಳಿದ್ರೆ ಅಲುಗುವವರಲ್ಲ. ಈ ನೀಲಿಯವರು ಪಾಪ, ಯಾವಾಗಲೂ ಸೋಲುದು, ಆದ್ರೆ ಬಂದವರಿಗೆ ಬಿಸಿ ಸೂಪು ಮಾಡಿ ಬಡಿಸುದು ಅವರೇ. ಮಾಸ್ಟರ್ ಕೂಡ ನಕ್ಕರು ನೋಡಿ. ಆಗ ನಾನು ಜರ್ಸಿ ಕೊಟ್ಟೆ. ಇಸ್ತ್ರಿ ಹಾಕಿ, ಮಡಚಿ, ತೆಳು ಕಾಗದದಲ್ಲಿ ಸುತ್ತಿ.

ಅವರು ಬಿಡಿಸಿದ್ರು. ತಿರುಗಿಸಿದ್ರು. ಹೆಗಲಿನ ಹತ್ರ ಬೆರಳು ಓಡಿಸಿದ್ರು, ಹೊಟ್ಟೆಯ ಹತ್ರ ಓಡಿಸಿದ್ರು. ಹುಡುಕ್ತಾ ಇದ್ದಾರೆ. ನಾನು ದೊಡ್ಡ ಜಾಣೆ, "ನೋಡಿ ಸರ್, ಸಿಗ್ತದಾ?" ಅಂತ ನಗ್ತಾ ನಿಂತಿದ್ದೇನೆ. ಅವರು ಮೆಲ್ಲಗೆ ಸ್ಟೂಲ್ ಮೇಲೆ ಕೂತ್ರು. ಜರ್ಸಿಯನ್ನು ಮುಖಕ್ಕೆ ಹಿಡಿದು ಮೂಸಿದ್ರು. ಅಷ್ಟು ದೊಡ್ಡ ಆಳು ಮಕ್ಕಳೇ, ಅತ್ತುಬಿಟ್ರು.

ಮಾಸ್ಟರ್ ಕೇಳಿ ನಂಗೆ ಹೇಳಿದ್ರು, ಆ ಎಂಟನೇ ಕಾಲೇಜು ಈಗ ಇಲ್ವಂತೆ. ಹುಡುಗರು ಕಮ್ಮಿ ಆಗಿ ಮುಚ್ಚಿ ಹೋಯ್ತಂತೆ. ಮೈದಾನ ಮಾರಿ ಅಲ್ಲಿ ಗೋದಾಮು ಕಟ್ಟಿದ್ದಾರಂತೆ. ಇವರು ಆಡಿದ್ದು ಅಲ್ಲಿಯ ಕಟ್ಟಕಡೆಯ ಆಟ, ಮಳೆಯಲ್ಲಿ. ಸೋತ್ರು. ಸೋತ ಮೇಲೆ ಯಾರೂ ಮನೆಗೆ ಹೋಗ್ಲಿಲ್ವಂತೆ, ಆ ಕೆಸರಲ್ಲೇ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತದ್ದು. ಆಗ ಇವರ ದೋಸ್ತಿ ಒಬ್ಬ ಹೆಗಲನ್ನು ಎಷ್ಟು ಗಟ್ಟಿ ಹಿಡಿದಿದ್ದ ಅಂದ್ರೆ ಬಟ್ಟೆ ಹರಿಯಿತು. ಆ ಕಾಲೇಜಿನದ್ದು ಅಂತ ಅವರ ಹತ್ರ ಉಳಿದದ್ದು ಆ ಕೆಸರು, ಆ ಹರಕು. ಅಷ್ಟನ್ನೂ ನಾನು ತೊಳೆದು ಹೊಲಿದು ಕೊಟ್ಟಿದ್ದೇನೆ!

ಮಾಸ್ಟರ್ ಕೆಂಪಾದ್ರು. "ನಿಂಗೆ ಯಾರು ಹೇಳಿದ್ದು? ಯಾರು ಹೇಳಿದ್ದು ನಿಂಗೆ? ಮನೆಗೆ ಹೋಗು!" ನಂಗೂ ಒಳಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳ್ಬೇಕು. ಕೆಸರು ಯಾರಾದ್ರೂ ಜೋಪಾನ ಮಾಡ್ತಾರಾ ಅಂತ. ಆದ್ರೆ ವಾಲ್ಟರ್ ಮುಖ ನೋಡಿದೆ, ಸಿಟ್ಟು ಇಳಿದು ಹೋಯ್ತು. ಮನೆಗೆ ಹೋಗ್ಲಿಲ್ಲ ನಾನು. ಕೈ ಚಾಚಿ ಜರ್ಸಿ ಕೇಳಿದೆ. ಅವರು ಒಂದು ಗಳಿಗೆ ನನ್ನನ್ನೇ ನೋಡಿ ಕೊಟ್ರು. ಸೂಜಿ ಹಿಡಿದು ಕೂತೆ, ನಾನೇ ಹಾಕಿದ ರಫುವನ್ನು ಒಂದೊಂದೇ ನೂಲು ಬಿಚ್ಚಿದೆ. ಹಾಕುದು ಸುಲಭ ಮಕ್ಕಳೇ, ಬಿಚ್ಚುದು ಕಷ್ಟ. ಸ್ವಲ್ಪ ತಪ್ಪಿದ್ರೆ ಹರಕು ದೊಡ್ಡದಾಗ್ತದೆ. ಅವರು ಎದುರಲ್ಲೇ ಕೂತಿದ್ರು, ಮಾಸ್ಟರ್ ನಿಂತೇ ಇದ್ರು. ಕಡೆಗೆ ಆ ಹರಕು ಮೊದಲು ಹೇಗಿತ್ತೋ ಹಾಗೇ ಬಾಯಿ ಬಿಟ್ಟಿತು. ಅವರು ಅದರೊಳಗೆ ನಾಲ್ಕು ಬೆರಳು ಹಾಕಿ ಮೆಲ್ಲಗೆ ಹಿಡಿದ್ರು. ಆ ದೋಸ್ತಿ ಹಿಡಿದದ್ದು ಹಾಗೇ ಇರ್ಬೇಕು. ನಾನು ಹೇಳಿದೆ, "ಸಾರಿ ಸರ್, ಕೆಸರು ನಂಗೆ ತರ್ಲಿಕ್ಕಾಗುದಿಲ್ಲ." ಅವರು ತಲೆ ಆಡಿಸಿದ್ರು, ಬಾವುಟ ಎಲ್ಲ ತೆಗೊಂಡು ಹೋದ್ರು. ಒಂದು ಬೈದಿದ್ರೆ ನಂಗೆ ಸಮಾಧಾನ ಆಗ್ತಿತ್ತು.

ಕೆಲಸ ಹೋಯ್ತು ಅಂತಲೇ ನಾನು ಅಂದುಕೊಂಡದ್ದು. ಆದ್ರೂ ಮರುದಿನ ಬೆಳಿಗ್ಗೆ ಹೋಗಿ ಅಂಗಡಿ ಬಾಗಿಲಲ್ಲಿ ನಿಂತೆ. ಮಾಸ್ಟರ್ ನನ್ನ ಮುಖ ನೋಡ್ಲಿಲ್ಲ. ಮೇಜಿನ ಮೇಲೆ ಒಂದು ಹರಿದ ಕೋಟು ಬಿಸಾಡಿದ್ರು, ಫೋನು ನನ್ನ ಕಡೆ ತಳ್ಳಿದ್ರು. "ಇದರ ಯಜಮಾನನಿಗೆ ಫೋನ್ ಮಾಡು. ಎಲ್ಲಿ ಹೊಲಿಬೇಕು, ಎಲ್ಲಿ ಮುಟ್ಟಬಾರ್ದು ಅಂತ ಮೊದಲು ಕೇಳು" ಅಂದ್ರು.

ಅಷ್ಟೇ. ಒಳ್ಳೆಯದು ಮಾಡುದಿದ್ರೂ ಒಂದು ಮಾತು ಕೇಳಿ ಮಾಡ್ಬೇಕು, ಮಾರಾಯ.